ಗೆಲುವಿಲ್ಲದ ಆಟದ ನಾದ

ಪಗಡೆಯಾಗಲಿ ಚೌಕಾಬಾರವಾಗಲಿ, ಹಾಸು ಮಡಿಸುವ ಹೊತ್ತಿಗೆ ಯಾರಾದರೊಬ್ಬರು ಗೆದ್ದಿರಲೇಬೇಕು. ಎಷ್ಟೇ ಜಾಣತನದಿಂದ ಆಡಿದರೂ ಕಡೆಗೆ ಸೋಲೇ ಗತಿ ಎಂದು ಮೊದಲೇ ತಿಳಿದಿರುವ ಆಟವೊಂದನ್ನು ದೇಶ ದೇಶಗಳ ಜನ ಮತ್ತೆ ಮತ್ತೆ ಆಡುತ್ತಾರೆಂದರೆ ಸೋಜಿಗವಲ್ಲವೆ? ‘ಮಿನಿ ಮೆಟ್ರೊ’ ಎಂಬ ವಿಡಿಯೊ ಆಟ ಅಂಥದು.

ನ್ಯೂಜಿಲೆಂಡಿನ ಪೀಟರ್ ಕರಿ ಮತ್ತು ರಾಬರ್ಟ್ ಕರಿ ಎಂಬ ಸಹೋದರರು ಇದರ ಜನಕರು. 2013ರ ಏಪ್ರಿಲ್ ತಿಂಗಳಲ್ಲಿ ‘ಲೂಡಮ್ ಡೇರ್’ ಎಂಬ ಆಟ ರಚಿಸುವ ಪಂದ್ಯ ನಡೆಯಿತು. ಅಂದಿನ ವಿಷಯ ‘ಮಿತತೆ’. ಎಂದರೆ, ಅತಿ ಕಡಮೆ ಸಾಮಗ್ರಿಯಿಂದ ಕೆಲಸ ಸಾಧಿಸುವುದು. ಅಲ್ಲಿ ಮೊಳೆತ ಬೀಜವೇ ಬೆಳೆದು 2015ರ ನವೆಂಬರಿನಲ್ಲಿ ಕಂಪ್ಯೂಟರಿಗೂ ಮರುವರ್ಷ ಮೊಬೈಲಿಗೂ ಬಂದಿತು.

ಬಿಳಿಯ ಹಾಳೆಯ ಮೇಲೊಂದು ನಗರ

ಪರದೆಯ ಮೇಲೆ ಮೊದಲು ಕಾಣುವುದು ಒಂದು ನದಿ. ಜೊತೆಗೆ ವೃತ್ತ, ತ್ರಿಕೋನ, ಚೌಕಗಳು. ಅವೇ ರೈಲು ನಿಲ್ದಾಣಗಳು. 1933ರಲ್ಲಿ ಅಚ್ಚಾದ, ಹ್ಯಾರಿ ಬೆಕ್ ರಚಿಸಿದ ಲಂಡನ್ನಿನ ಸುರಂಗ ರೈಲಿನ ನಕ್ಷೆಯ ಮಾದರಿಯಲ್ಲಿ ಆಟಗಾರನು ಬಣ್ಣದ ಗೆರೆಗಳನ್ನೆಳೆದು ಅವನ್ನು ಜೋಡಿಸಬೇಕು. ತ್ರಿಕೋನದ ಗುರುತು ಹೊತ್ತ ಪ್ರಯಾಣಿಕ ತ್ರಿಕೋನದ ನಿಲ್ದಾಣ ಸೇರಬೇಕು; ಚೌಕದವ ಚೌಕಕ್ಕೆ. ನಿಯಮವಿಷ್ಟೆ.

ಆದರೆ ನಗರ ಸುಮ್ಮನಿರುವುದಿಲ್ಲ. ಹೊಸ ನಿಲ್ದಾಣಗಳು ಹುಟ್ಟುತ್ತಲೇ ಇರುತ್ತವೆ. ಸಾಮಾನ್ಯ ನಿಲ್ದಾಣದಲ್ಲಿ ಆರು ಮಂದಿಗೆ ಮಾತ್ರ ಸ್ಥಳ. ಬಂಡಿಯಲ್ಲಿಯೂ ಆರೇ ಮಂದಿ. ವಾರಕ್ಕೊಮ್ಮೆ ಹೊಸ ರೈಲು, ಸುರಂಗ ಮುಂತಾದ ಸಹಾಯ ದೊರೆಯುವುದುಂಟು. ಆದರೂ ಎಲ್ಲೋ ಒಂದು ನಿಲ್ದಾಣದಲ್ಲಿ ಜನ ಕಿಕ್ಕಿರಿದು ಬಹಳ ಹೊತ್ತು ಕಾದರೆ ಆಟ ಮುಗಿಯಿತು.

ಅಲೆಯಲೆಯಾಗಿ ನುಗ್ಗುವ ವೈರಿಗಳನ್ನು ಬುರುಜು ಕಟ್ಟಿ ತಡೆಯುವ ‘ಟವರ್ ಡಿಫೆನ್ಸ್’ ಎಂಬ ಆಟಗಳ ಜಾತಿಯೊಂದಿದೆ. ಮಿನಿ ಮೆಟ್ರೊ ಅವುಗಳ ನೆಂಟನೆಂದೇ ಹೇಳಬಹುದು. ಮುತ್ತಿಗೆ ಹಾಕುವವರು ಇಲ್ಲಿ ಶತ್ರುಗಳಲ್ಲ, ಮನೆಗೆ ಹೋಗಲು ಕಾದಿರುವ ಪಾಪದ ಪ್ರಯಾಣಿಕರು, ವ್ಯತ್ಯಾಸವೆಂದರೆ ಅದೇ.

ರೈಲು ನುಡಿಸುವ ಸಂಗೀತ

ಈ ಆಟದ ನಿಜವಾದ ವೈಶಿಷ್ಟ್ಯ ಕಿವಿಗೆ ಸಂಬಂಧಿಸಿದ್ದು. ಇದರ ನಾದಯೋಜನೆ ‘ಡಿಸಾಸ್ಟರ್‌ಪೀಸ್’ ಎಂಬ ಹೆಸರಿನಿಂದ ಖ್ಯಾತರಾದ ಅಮೆರಿಕದ ರಿಚ್ ವ್ರೀಲ್ಯಾಂಡ್ ಅವರದು. ಒಂದೇ ಹಾಡನ್ನು ತಿರುತಿರುಗಿ ಕೇಳಿಸುವ ಏರ್ಪಾಡು ಇಲ್ಲಿಲ್ಲ. ಪ್ರಯಾಣಿಕ ಬಂದರೆ ಒಂದು ಸ್ವರ, ಬಂಡಿ ನಿಂತರೆ ಇನ್ನೊಂದು. ಆಟಗಾರ ಎಳೆದ ಗೆರೆಗಳೇ ವಾದ್ಯದ ತಂತಿಗಳು. ಸ್ವರದ ಎತ್ತರ, ಲಯ, ಬಲಗಳನ್ನು ಮೊದಲೇ ಗೊತ್ತುಮಾಡಿದ ಸರಣಿಗಳಂತೆ ಹೊಂದಿಸುವ ‘ಸೀರಿಯಲಿಸಂ’ ಎಂಬ ಇಪ್ಪತ್ತನೆಯ ಶತಮಾನದ ಪಾಶ್ಚಾತ್ಯ ಪದ್ಧತಿ ಇದಕ್ಕೆ ಆಧಾರ. 2018ರಲ್ಲಿ ಆಟ ತಯಾರಕರ ಸಮ್ಮೇಳನವೊಂದರಲ್ಲಿ ವ್ರೀಲ್ಯಾಂಡ್ ಈ ವಿಷಯವಾಗಿಯೇ ಉಪನ್ಯಾಸವಿತ್ತರು.

ಎರಡು ಪಂಗಡ

ಆಡಿದವರಲ್ಲಿ ಎರಡು ಅಭಿಪ್ರಾಯಗಳಿವೆ. ದಿನದ ದಣಿವನ್ನು ಕಳೆಯಲು ಇಂಥ ಮದ್ದು ಇಲ್ಲ, ಆ ಮೆಲುನಾದ ಕೇಳುತ್ತಿದ್ದರೆ ಮನಸ್ಸು ತಿಳಿಯಾಗುತ್ತದೆ ಎಂದು ಒಂದು ಪಂಗಡ. ತಿಳಿಯಾಗುವುದೆಲ್ಲಿ ಬಂತು, ಹತ್ತು ನಿಮಿಷದಲ್ಲಿ ಎದೆ ಡವಗುಟ್ಟುತ್ತದೆ ಎಂದು ಇನ್ನೊಂದು. ಸಂಗೀತ ಬರಿಯ ಅಲಂಕಾರ, ಸದ್ದಡಗಿಸಿ ಆಡಿದರೂ ನಷ್ಟವಿಲ್ಲ ಎನ್ನುವವರೂ ಇಲ್ಲದಿಲ್ಲ.

ಇಬ್ಬರ ಮಾತೂ ದಿಟವೇ. ಆರಂಭದಲ್ಲಿ ಗೆರೆಗಳು ಮೂರೋ ನಾಲ್ಕೋ; ಸ್ವರಗಳು ಬಿಡಿಬಿಡಿಯಾಗಿ ಹನಿಯುತ್ತವೆ. ನಗರ ಬೆಳೆದಂತೆ ಅವೇ ಸ್ವರಗಳು ದಟ್ಟವಾಗುತ್ತವೆ. ನೆಮ್ಮದಿಯೂ ಗಾಬರಿಯೂ ಬರುವುದು ಒಂದೇ ತಂತಿಯಿಂದ. ಆ ತಂತಿ ಬಿಗಿದವನೂ ಆಟಗಾರನೇ. ಸದ್ದಡಗಿಸಿದವನ ಅಂಕವೇನೋ ಕುಗ್ಗದು. ತನ್ನ ನಗರ ತನಗೆ ಹೇಳುತ್ತಿರುವ ವರ್ತಮಾನ ಮಾತ್ರ ಅವನ ಕಿವಿಗೆ ಬೀಳದು.

ಸೋಲನ್ನು ಸಹಿಸದವರಿಗೂ ತಯಾರಕರು ದಾರಿ ತೋರಿದ್ದಾರೆ. ‘ಎಂಡ್‌ಲೆಸ್’ ಎಂಬ ಬಗೆಯಲ್ಲಿ ಜನ ಎಷ್ಟು ಕಿಕ್ಕಿರಿದರೂ ಆಟ ನಿಲ್ಲದು. ಎಳೆದ ಗೆರೆಯನ್ನು ಅಳಿಸಲಾಗದ ‘ಎಕ್ಸ್‌ಟ್ರೀಮ್’ ಎಂಬ ಕಠಿಣ ಬಗೆಯೂ ಉಂಟು. ಮೊದಲನೆಯದರಲ್ಲಿ ಸಂಗೀತ ಇದ್ದೇ ಇರುತ್ತದೆ. ಆದರೆ ಅದನ್ನು ಕಿವಿಗೊಟ್ಟು ಕೇಳಬೇಕಾದ ಅಗತ್ಯ ಅಷ್ಟಿಲ್ಲ. ತುಂಬುತ್ತಿರುವ ನಿಲ್ದಾಣವೊಂದು ಕೈಬೀಸಿ ಕರೆಯುತ್ತಿರುವಾಗಲೇ ಒಂದೊಂದು ಸ್ವರಕ್ಕೂ ಬೆಲೆ.

ಆಟ ಮುಗಿದಾಗ ಪರದೆ ಹೇಳುವುದು ಎಷ್ಟು ಪ್ರಯಾಣಿಕರನ್ನು ಸಾಗಿಸಿದಿರಿ ಎಂಬ ಲೆಕ್ಕವನ್ನು. ಸೋತವನು ಅಷ್ಟು ಮಂದಿಯನ್ನು ಊರು ಮುಟ್ಟಿಸಿದ್ದಾನೆ! ಮರುಗಳಿಗೆಯೇ ಅವನ ಕೈ ಹೊಸ ಗೆರೆಯೆಳೆಯಲು ಹೋಗುವುದರಲ್ಲಿ ಆಶ್ಚರ್ಯವೇನು?