ಒಂದು ಯಂತ್ರದ ಬರಹ, ಇನ್ನೊಂದು ಯಂತ್ರದ ಓದು

ಕಾಗದದ ಮೇಲೆ ಬರೆದ ಪತ್ರವನ್ನು ಯಾರ ಮನೆಯಲ್ಲಿ ಬಿಡಿಸಿ ಓದಿದರೂ ಅದು ಅದೇ ಪತ್ರ. ಗಣಕಯಂತ್ರದಲ್ಲಿ ಬರೆದ ಪತ್ರದ ಮಾತು ಹಾಗಲ್ಲ. ೧೯೮೬ರ ಸುಮಾರಿನಲ್ಲಿ ಅಮೆರಿಕದ ಒಂದು ಮನೆಯಲ್ಲಿ ಆಪಲ್ ಸಂಸ್ಥೆಯ ಮೆಕಿಂಟಾಷ್ ಯಂತ್ರವೂ ನೆರೆಮನೆಯಲ್ಲಿ ಕಮೊಡೋರ್ ಸಂಸ್ಥೆಯ ಅಮಿಗಾ ಯಂತ್ರವೂ ಇದ್ದುವೆಂದು ಭಾವಿಸೋಣ. ಎರಡೂ ಮೂರೂವರೆ ಅಂಗುಲದ ಫ್ಲಾಪಿ ತಟ್ಟೆಯನ್ನೇ ಬಳಸುತ್ತಿದ್ದುವು. ಒಂದರ ತಟ್ಟೆ ಇನ್ನೊಂದರ ಬಾಯೊಳಗೆ ಸಲೀಸಾಗಿ ಹೋಗುತ್ತಿತ್ತು. ಆದರೂ ಒಂದು ಬರೆದುದನ್ನು ಇನ್ನೊಂದು ಓದಲಾರದು. ಅಷ್ಟೇ ಅಲ್ಲ, ಮೆಕಿಂಟಾಷ್ ಯಂತ್ರವು ಅಂಥ ತಟ್ಟೆಯನ್ನು ಕಂಡರೆ, 'ಇದು ಓದಲಾಗದ ತಟ್ಟೆ, ಹೊಸದಾಗಿ ಸಿದ್ಧಪಡಿಸಲೇ?' ಎಂದು ಕೇಳುತ್ತಿತ್ತು. ಹೂಂ ಎಂದರೆ ಇದ್ದುದೆಲ್ಲವೂ ಅಳಿಸಿಹೋದಂತೆಯೇ! ಹೀಗೇಕಾಗುತ್ತದೆ? ಇಂಥ ಯಂತ್ರಗಳ ನಡುವೆ ಕಡತಗಳನ್ನು ಸಾಗಿಸುವುದು ಹೇಗೆ?

ಕಾಂತದ ಗುರುತುಗಳು

ಫ್ಲಾಪಿ ಎಂದರೆ ಕಾಂತಗುಣವುಳ್ಳ ಪುಡಿಯನ್ನು ಲೇಪಿಸಿದ ತೆಳುವಾದ ಪ್ಲಾಸ್ಟಿಕ್ ತಟ್ಟೆ. ಅದು ಗಿರ್ರನೆ ತಿರುಗುತ್ತಿರುವಾಗ ಬರೆಯುವ ತಲೆಯು ಲೇಪದ ಕಾಂತದಿಕ್ಕನ್ನು ಅಲ್ಲಲ್ಲಿ ತಿರುವುಮುರುವು ಮಾಡುತ್ತದೆ. ಓದುವಾಗ ಒಂದು ತಿರುವಿಗೂ ಮುಂದಿನದಕ್ಕೂ ನಡುವೆ ಎಷ್ಟು ಕಾಲ ಕಳೆಯಿತೆಂಬುದನ್ನು ಅಳೆದು, ಸೊನ್ನೆ ಮತ್ತು ಒಂದು ಎಂಬ ಬಿಟ್‌ಗಳನ್ನು ಪಡೆಯುತ್ತಾರೆ. ಎಂಟು ಬಿಟ್ ಸೇರಿ ಒಂದು ಬೈಟ್. ಸ್ಥೂಲವಾಗಿ ಒಂದು ಅಕ್ಷರ.

ಅಮಿಗಾ ಯಂತ್ರವು ತಟ್ಟೆಯ ಒಂದೊಂದು ಮೈಯನ್ನು ೮೦ ವೃತ್ತಾಕಾರದ ಪಥಗಳಾಗಿ ವಿಭಾಗಿಸಿ, ಪ್ರತಿ ಪಥದಲ್ಲಿಯೂ ೫೧೨ ಬೈಟ್‌ಗಳ ೧೧ ಖಂಡಗಳನ್ನು ಬರೆಯುತ್ತಿತ್ತು. ಎರಡು ಮೈಗೂ ಸೇರಿ ೯,೦೧,೧೨೦ ಬೈಟ್, ಅಂದರೆ ೮೮೦ ಕಿಲೋಬೈಟ್. ಐ.ಬಿ.ಎಂ. ಮಾದರಿಯ ಯಂತ್ರಗಳು ಅದೇ ಪಥದಲ್ಲಿ ಖಂಡಗಳ ನಡುವೆ ತೆರಪು ಬಿಟ್ಟು ೯ನ್ನು ಮಾತ್ರ ಬರೆದು, ೭೨೦ ಕಿಲೋಬೈಟಿಗೆ ತೃಪ್ತಿಪಡುತ್ತಿದ್ದುವು. ಮೆಕಿಂಟಾಷಿನ ಉಪಾಯವೇ ಬೇರೆ. ಅಂಚಿನ ಪಥ ಒಳಗಿನ ಪಥಕ್ಕಿಂತ ಉದ್ದವಷ್ಟೆ? ಆದಕಾರಣ ಅದು ಅಂಚಿನಲ್ಲಿ ತಟ್ಟೆಯನ್ನು ನಿಧಾನವಾಗಿ ತಿರುಗಿಸಿ ೧೨ ಖಂಡಗಳನ್ನೂ, ಒಳಗೆ ಸರಿದಂತೆ ವೇಗವನ್ನು ಹೆಚ್ಚಿಸುತ್ತ ಕೊನೆಗೆ ೮ ಖಂಡಗಳನ್ನೂ ಬರೆಯುತ್ತಿತ್ತು. ಬಿಟ್‌ಗಳನ್ನು ಕಾಂತದ ತಿರುವುಗಳಾಗಿ ಮಾರ್ಪಡಿಸುವ ನಿಯಮವೂ ಅದರದು ಬೇರೆ.

ಇಲ್ಲೊಂದು ಸ್ವಾರಸ್ಯವಿದೆ. ಐ.ಬಿ.ಎಂ. ಮಾದರಿಯ ಯಂತ್ರದಲ್ಲಿ ತಟ್ಟೆಯನ್ನು ಓದುವ ಕೆಲಸ ಒಂದು ನಿಯಂತ್ರಕ ಚಿಪ್ಪಿನದು. ತನಗೆ ಗೊತ್ತಿರುವ ಕ್ರಮವಲ್ಲದೆ ಬೇರೆಯದನ್ನು ಅದು ಅರಿಯದು. ಅಮಿಗಾ ಆದರೋ ಪಥದ ಗುರುತುಗಳನ್ನೆಲ್ಲ ಹಸಿಯಾಗಿಯೇ ಒಳಗೆ ತೆಗೆದುಕೊಂಡು, ಅರ್ಥ ಮಾಡುವ ಕೆಲಸವನ್ನು ಕ್ರಮವಿಧಿಗೆ ಬಿಡುತ್ತಿತ್ತು. ಆದಕಾರಣ ತಕ್ಕ ಕ್ರಮವಿಧಿಯಿದ್ದರೆ ಅಮಿಗಾ ಐ.ಬಿ.ಎಂ. ತಟ್ಟೆಯನ್ನು ಓದಬಲ್ಲುದಾಗಿತ್ತು, ಐ.ಬಿ.ಎಂ. ಯಂತ್ರವು ಮಾತ್ರ ಅಮಿಗಾ ತಟ್ಟೆಯನ್ನು ಓದದಾಯಿತು.

ತಂತಿಯ ಸೇತುವೆ

ತಟ್ಟೆಯ ದಾರಿ ಮುಚ್ಚಿದಾಗ ಉಳಿದದ್ದು ತಂತಿಯ ದಾರಿ. ಬಿಟ್‌ಗಳನ್ನು ಒಂದರ ಹಿಂದೆ ಒಂದರಂತೆ ಹೊರಕ್ಕೆ ಕಳುಹಿಸುವ ಸರಣಿದ್ವಾರವು ಆಗಿನ ಬಹುತೇಕ ಯಂತ್ರಗಳಲ್ಲಿತ್ತು, ಇಲ್ಲವೇ ಸೇರಿಸಬಹುದಾಗಿತ್ತು. ತಂತಿಯಲ್ಲಿ ಋಣ ವೋಲ್ಟೇಜ್ ಇದ್ದರೆ ಒಂದು, ಧನ ವೋಲ್ಟೇಜ್ ಇದ್ದರೆ ಸೊನ್ನೆ. ಒಂದರ 'ಕಳುಹಿಸುವ' ತಂತಿಯನ್ನು ಇನ್ನೊಂದರ 'ಪಡೆಯುವ' ತಂತಿಗೆ ಅಡ್ಡಹಾಯಿಸಿ ಜೋಡಿಸಿದರೆ ಸೇತುವೆ ಸಿದ್ಧ.

ಪ್ರತಿಯೊಂದು ಬೈಟಿನ ಎಂಟು ಬಿಟ್‌ಗಳಿಗೆ ಆರಂಭಸೂಚಕವೊಂದು, ಅಂತ್ಯಸೂಚಕವೊಂದು ಸೇರಿ ಹತ್ತಾಗುತ್ತವೆ. ಸೆಕೆಂಡಿಗೆ ೯,೬೦೦ ಬಿಟ್ ವೇಗದಲ್ಲಿ ೯೬೦ ಬೈಟ್ ಸಾಗುವುವು. ತುಂಬಿದ ಅಮಿಗಾ ತಟ್ಟೆಯೊಂದಕ್ಕೆ ಸುಮಾರು ೧೬ ನಿಮಿಷ. ಹಳೆಯ ದೂರವಾಣಿ ಸಂಪರ್ಕದ ೩೦೦ ಬಿಟ್ ವೇಗದಲ್ಲಾದರೆ, ಕಮೊಡೋರ್ ೬೪ ಯಂತ್ರದ ೧೭೦ ಕಿಲೋಬೈಟ್ ತಟ್ಟೆಗೇ ಒಂದೂವರೆ ಗಂಟೆಗೂ ಮೀರಿದ ಕಾಲ ಬೇಕು.

ಇಷ್ಟು ಹೊತ್ತಿನಲ್ಲಿ ತಂತಿಯ ಗದ್ದಲದಿಂದ ಒಂದು ಬಿಟ್ ಕೆಟ್ಟರೂ ಕಡತ ಹಾಳು. ಇದಕ್ಕೆ ಪರಿಹಾರವಾಗಿ ಅಮೆರಿಕದ ವಾರ್ಡ್ ಕ್ರಿಸ್ಟೆನ್‌ಸೆನ್ ಎಂಬವರು ೧೯೭೭ರಲ್ಲಿ ಎಕ್ಸ್‌ಮೋಡೆಮ್ ಎಂಬ ವಿಧಾನವನ್ನು ರಚಿಸಿದರು. ಕಡತವನ್ನು ೧೨೮ ಬೈಟ್‌ಗಳ ಕಂತುಗಳಾಗಿ ಒಡೆದು, ಪ್ರತಿ ಕಂತಿನ ಬೈಟ್‌ಗಳನ್ನು ಕೂಡಿಸಿ, ಮೊತ್ತವನ್ನು ೨೫೬ರಿಂದ ಭಾಗಿಸಿ ಉಳಿದ ಶೇಷವನ್ನೂ ಜೊತೆಗೆ ಕಳುಹಿಸುವುದು. ಪಡೆದವನು ತಾನೂ ಕೂಡಿಸಿ ತಾಳೆನೋಡಿ, ಸರಿಯಾದರೆ 'ಮುಂದಿನದು', ತಪ್ಪಾದರೆ 'ಮತ್ತೊಮ್ಮೆ' ಎಂಬ ಸಂಕೇತ ಕೊಡುವುದು. ಅಂಗಡಿಯ ಲೆಕ್ಕದಲ್ಲಿ ಮೊತ್ತ ತಾಳೆನೋಡುವ ಉಪಾಯವೇ ಇದು. ಆದರೆ ಎರಡು ಬೈಟ್‌ಗಳು ಸ್ಥಾನ ಬದಲಿಸಿದರೆ ಮೊತ್ತ ಬದಲಾಗದು. ಆದ್ದರಿಂದ ಮುಂದೆ ಸ್ಥಾನವನ್ನೂ ಗಣಿಸುವ ಸೂಕ್ಷ್ಮ ಪರೀಕ್ಷೆ ಬಳಕೆಗೆ ಬಂತು. ೧೯೮೧ರಲ್ಲಿ ಕೊಲಂಬಿಯ ವಿಶ್ವವಿದ್ಯಾನಿಲಯದಲ್ಲಿ ಹುಟ್ಟಿದ ಕರ್ಮಿಟ್ ಎಂಬ ವಿಧಾನವಂತೂ ದೊಡ್ಡ ಗಣಕಗಳಿಗೂ ಪುಟ್ಟ ಗಣಕಗಳಿಗೂ ನಡುವೆ ದುಭಾಷಿಯಾಯಿತು.

ಅಕ್ಷರ ಬಂತು, ಅರ್ಥ ಬಂತೆ?

ಬಿಟ್‌ಗಳೆಲ್ಲ ಕ್ಷೇಮವಾಗಿ ತಲುಪಿದರೂ ಕೆಲಸ ಮುಗಿಯಲಿಲ್ಲ. ಆಸ್ಕಿ ಎಂಬ ಸಾಮಾನ್ಯ ಸಂಕೇತದಲ್ಲಿ ೬೫ ಎಂದರೆ ಇಂಗ್ಲಿಷಿನ ದೊಡ್ಡ 'ಎ'. ಕಮೊಡೋರ್ ೬೪ರಲ್ಲಿ ಚಿಕ್ಕಕ್ಷರಗಳನ್ನೂ ಬಳಸುವ ಕ್ರಮದಲ್ಲಿ ೬೫ ಎಂದರೆ ಚಿಕ್ಕ 'ಎ'. ಹಾಗಾಗಿ ಪರಿವರ್ತಿಸದೆ ಕಳುಹಿಸಿದ ಪತ್ರದ ಚಿಕ್ಕಕ್ಷರಗಳು ಆಚೆಯಲ್ಲಿ ದೊಡ್ಡವಾಗಿಯೂ, ದೊಡ್ಡವು ವಿಚಿತ್ರ ಚಿಹ್ನೆಗಳಾಗಿಯೂ ತೋರುವುವು. ಸಾಲು ಮುಗಿಯಿತೆನ್ನಲು ಮೆಕಿಂಟಾಷ್ ೧೩ನ್ನೂ, ಅಮಿಗಾ ೧೦ನ್ನೂ, ಐ.ಬಿ.ಎಂ. ಮಾದರಿಯವು ೧೩, ೧೦ ಎರಡನ್ನೂ ಬರೆಯುತ್ತಿದ್ದುವು. ೧೨೩೪ ಎಂಬ ಸಂಖ್ಯೆಯನ್ನು ಒಂದು ಯಂತ್ರ ೪, ೨೧೦ ಎಂಬ ಎರಡು ಬೈಟ್‌ಗಳಾಗಿ ಇಟ್ಟರೆ, ಇನ್ನೊಂದು ೨೧೦, ೪ ಎಂದು ಇಡುತ್ತಿತ್ತು. ಕ್ರಮ ತಿಳಿಯದೆ ಓದಿದರೆ ೧೨೩೪ ರೂಪಾಯಿ ೫೩,೭೬೪ ಆದೀತು!

ಕನ್ನಡಿಗರಿಗೆ ಈ ತೊಡಕು ಅಪರಿಚಿತವಲ್ಲ. ಯೂನಿಕೋಡ್ ರೂಢಿಗೆ ಬರುವ ಮುನ್ನ ನಮ್ಮ ಒಂದೊಂದು ಕ್ರಮವಿಧಿಯೂ ಕನ್ನಡದ ಅಕ್ಷರಭಾಗಗಳಿಗೆ ತನಗೆ ತೋಚಿದ ಸಂಖ್ಯೆಗಳನ್ನು ಕೊಟ್ಟಿತ್ತು. ಅಂದಿನ ಲೇಖನವನ್ನು ಅದರದೇ ಅಕ್ಷರಶೈಲಿಯಿಲ್ಲದೆ ಇಂದು ತೆರೆದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವೇ ಕಾಣುವುದು. ಬಿಟ್‌ಗಳು ಉಳಿದಿವೆ, ಒಪ್ಪಂದ ಕಳೆದುಹೋಗಿದೆ.

ಈ ವಿಚಾರ ಹಳೆಯ ಯಂತ್ರಗಳ ಹವ್ಯಾಸಿಗಳಿಗಷ್ಟೇ ಸೇರಿದುದಲ್ಲ. ಚಿತ್ರಕಾರ ಆಂಡಿ ವಾರ್ಹೋಲ್ ೧೯೮೫ರಲ್ಲಿ ಅಮಿಗಾದಲ್ಲಿ ರಚಿಸಿದ ಚಿತ್ರಗಳು ದಶಕಗಳ ಕಾಲ ಫ್ಲಾಪಿಗಳಲ್ಲಿ ಹುದುಗಿದ್ದು, ೨೦೧೪ರಲ್ಲಿ ಬೆಳಕಿಗೆ ಬಂದುವು. ಕಾರ್ನೆಗಿ ಮೆಲನ್ ವಿಶ್ವವಿದ್ಯಾನಿಲಯದ ಗಣಕಸಂಘದವರು ಮೊದಲು ಕಾಂತದ ಗುರುತುಗಳನ್ನು ಪ್ರತಿಮಾಡಿಕೊಂಡು, ಅನಂತರ ಯಾರಿಗೂ ತಿಳಿಯದಿದ್ದ ಕಡತಕ್ರಮವನ್ನು ಬಿಡಿಸಿ ಅರ್ಥಮಾಡಬೇಕಾಯಿತು.

ವಾಚಕರ ಮನೆಯಲ್ಲಿಯೂ ಇಂಥ ತಟ್ಟೆಗಳಿದ್ದರೆ ತಡಮಾಡದಿರುವುದು ಲೇಸು. ಬೂಷ್ಟು, ತೇವ, ವಯಸ್ಸುಗಳಿಂದ ಲೇಪವೂ ಗುರುತುಗಳೂ ಕೆಡುತ್ತವೆ. ಮೂರೂವರೆ ಅಂಗುಲದ ತಟ್ಟೆಯಾದರೆ ಮೂಲೆಯ ಪುಟ್ಟ ಕಿಂಡಿಯನ್ನು ತೆರೆದಿಡಿ. ಆಗ ಯಂತ್ರವು ಅದರ ಮೇಲೆ ಬರೆಯಲಾರದು. 'ಹೊಸದಾಗಿ ಸಿದ್ಧಪಡಿಸಲೇ?' ಎಂಬ ಪ್ರಶ್ನೆಗೆ ಎಂದಿಗೂ ಹೂಂ ಎನ್ನಬೇಡಿ. ಕಾಂತದ ತಿರುವುಗಳ ಕಾಲವನ್ನೇ ಅಳೆದು ದಾಖಲಿಸುವ ಸಾಧನಗಳು ಈಗ ದೊರೆಯುತ್ತವೆ. ಅವುಗಳಿಂದ ಇಡೀ ತಟ್ಟೆಯ ಪ್ರತಿ ಮಾಡಿಸಿಕೊಂಡರೆ ಅರ್ಥವನ್ನು ಮುಂದೆ ನಿಧಾನವಾಗಿ ಬಿಡಿಸಬಹುದು. ಯಾವ ಯಂತ್ರದಲ್ಲಿ, ಯಾವ ಕ್ರಮವಿಧಿಯಿಂದ, ಯಾವಾಗ ಬರೆದುದೆಂಬುದನ್ನು ಒಂದು ಚೀಟಿಯಲ್ಲಿ ಬರೆದು ಜೊತೆಗಿಡಿ. ಕಡತವೆಂಬುದು ಬರಿಯ ಗುರುತುಗಳ ಮೊತ್ತವಲ್ಲ. ಬರೆದವನಿಗೂ ಓದುವವನಿಗೂ ನಡುವಣ ಒಪ್ಪಂದವೂ ಅದರ ಭಾಗವೇ ಆಗಿದೆ.