ಕ್ಲಾರಿನೆಟ್ ಮೌತ್‌ಪೀಸ್: ಕೊಳ್ಳುವ ಮುನ್ನ ಒಂದು ಪ್ರಯೋಗ

ಕ್ಲಾರಿನೆಟ್ ಕೀರಲು ದನಿ ಹೊರಡಿಸಿದರೆ ನಾವು ಮೊದಲು ಬೈಯುವುದು ಊದುವವನನ್ನು. ಕಾಲೇಜಿನ ವಾದ್ಯವೃಂದದಲ್ಲಿ ನಾನೂ ಬೈಸಿಕೊಂಡವನೇ. "ನಿನಗೆ ಉಸಿರು ಸಾಲದು" ಎಂದರು. ನಂಬಿ, ವಾದ್ಯವನ್ನು ಹಿಂದಿರುಗಿಸಿದೆ. ಮರುವರ್ಷ ಅದೇ ವಾದ್ಯ ಪಡೆದ ಕಿರಿಯ ವಿದ್ಯಾರ್ಥಿಯ ಕೈಯಲ್ಲೂ ಅದು ಕೀರಲತೊಡಗಿತು. ಆಗ ಮೌತ್‌ಪೀಸನ್ನು ಬೆಳಕಿಗೆ ಹಿಡಿದು ನೋಡಿದೆವು. ತುದಿಯಂಚಿನಲ್ಲಿ ಕೂದಲೆಳೆಯಷ್ಟು ಚಕ್ಕೆ ಹಾರಿತ್ತು!

ಅಷ್ಟು ಸಣ್ಣ ದೋಷ ಇಷ್ಟು ತೊಂದರೆ ಕೊಡುವುದೇಕೆ? ಮೌತ್‌ಪೀಸನ್ನು ಸಾಮಾನ್ಯವಾಗಿ ಎಬೊನೈಟ್ ಎಂಬ ಗಡಸು ರಬ್ಬರಿನಿಂದ ಮಾಡುತ್ತಾರೆ. ಪ್ಲಾಸ್ಟಿಕ್ ಮತ್ತು ಗಾಜಿನವೂ ಉಂಟು. ಅದರ ಚಪ್ಪಟೆ ಮುಖದ ಮೇಲೆ ಬೆತ್ತದಂಥ ಜೊಂಡಿನಿಂದ ಮಾಡಿದ ರೀಡನ್ನು ಲಿಗೇಚರ್ ಎಂಬ ಪಟ್ಟಿಯಿಂದ ಬಿಗಿಯುತ್ತೇವೆ. ತುದಿಯತ್ತ ಆ ಮುಖ ಮೆಲ್ಲನೆ ಬಾಗಿ, ರೀಡಿಗೂ ಅಂಚಿಗೂ ನಡುವೆ ಕಿರಿದಾದ ಬಿರುಕು ಉಳಿಯುತ್ತದೆ. ಊದಿದಾಗ ರೀಡು ಈ ಬಿರುಕನ್ನು ಸೆಕೆಂಡಿಗೆ ನೂರಾರು ಬಾರಿ ಮುಚ್ಚಿ ತೆರೆಯುತ್ತದೆ. ಅಂಚು ಮುಕ್ಕಾದರೆ ಮುಚ್ಚುವಿಕೆ ಕೆಡುತ್ತದೆ.

ಬಿ ಫ್ಲ್ಯಾಟ್ ಕ್ಲಾರಿನೆಟ್ಟಿನಲ್ಲಿ ಈ ಬಿರುಕು ಸುಮಾರು 1 ರಿಂದ 1.2 ಮಿಲಿಮೀಟರ್. ಮಿಲಿಮೀಟರಿನ ಹತ್ತನೇ ಒಂದು ಭಾಗದ ವ್ಯತ್ಯಾಸವೂ ತುಟಿಗೆ ತಿಳಿಯುತ್ತದೆ. ಬಿರುಕು ಅಗಲವಾದಷ್ಟೂ ಮೆದು ರೀಡು ಬೇಕು. ಕಿರಿದಾದರೆ ತುಸು ಗಡಸು ರೀಡು. ರಾಯಚೂರಿನ ಪಂಡಿತ ನರಸಿಂಹಲು ವಡವಾಟಿಯವರು ಹಿಂದುಸ್ತಾನಿಯಲ್ಲಿ, ಎ.ಕೆ.ಸಿ. ನಟರಾಜನ್ ಕರ್ನಾಟಕ ಸಂಗೀತದಲ್ಲಿ ಈ ವಾದ್ಯದಿಂದ ಹೆಸರಾದವರು. ಅಂಥ ಸಂಗೀತದಲ್ಲಿ ಸ್ವರವನ್ನು ಜಾರಿಸಲು ಅಗಲ ಬಿರುಕು ಅನುಕೂಲವೆನಿಸಬಹುದು. ಆದರೆ ಶ್ರುತಿ ನಿಲ್ಲಿಸುವುದು ಕಷ್ಟ. ಹೊಸಬರಿಗೆ ಮಧ್ಯಮ ಅಳತೆಯೇ ಲೇಸು.

ಇನ್ನು ಪರೀಕ್ಷೆ. ಮೊದಲು ಕಣ್ಣಿಗೆ ಕೆಲಸ: ಅಂಚು ಮುಕ್ಕಾಗಿದೆಯೇ, ಎರಡೂ ಪಕ್ಕದ ಏಣುಗಳು ಸಮನಾಗಿವೆಯೇ ನೋಡಿ. ಬಳಿಕ ಒದ್ದೆ ರೀಡನ್ನು ಕಟ್ಟಿ, ಕೆಳತುದಿಯನ್ನು ಅಂಗೈಯಿಂದ ಮುಚ್ಚಿ ಗಾಳಿಯನ್ನು ಹೀರಿ. ರೀಡು ಕ್ಷಣಕಾಲ ಅಂಟಿ 'ಟಪ್' ಎಂದು ಬಿಟ್ಟರೆ ಗಾಳಿ ಸೋರುತ್ತಿಲ್ಲ. ತಕ್ಷಣ ಬಿಟ್ಟರೆ ರೀಡನ್ನು ಬದಲಿಸಿ ಮತ್ತೆ ನೋಡಿ; ತಪ್ಪು ರೀಡಿನದೂ ಇರಬಹುದು.

ಈಗ ನುಡಿಸಿ. ನಿಮ್ಮದೇ ಕ್ಲಾರಿನೆಟ್, ಅದೇ ರೀಡು, ಅದೇ ಲಿಗೇಚರ್ ಇರಲಿ. ಮೌತ್‌ಪೀಸ್ ಮಾತ್ರ ಬದಲಾಗಲಿ. ಪ್ರಯೋಗಶಾಲೆಯ ನಿಯಮವೂ ಇದೇ ಅಲ್ಲವೆ? ಒಂದು ರೀಡು ಒಂದು ಮೌತ್‌ಪೀಸಿಗಷ್ಟೇ ಒಗ್ಗಬಹುದು. ಆದ್ದರಿಂದ ಎರಡು ಮೂರು ರೀಡುಗಳಲ್ಲಿ ಪ್ರಯೋಗವನ್ನು ಪುನರಾವರ್ತಿಸಿ. ತಣ್ಣಗಿನ ವಾದ್ಯದ ಶ್ರುತಿ ಇಳಿದಿರುತ್ತದೆ. ಮೊದಲು ಊದಿ ಬೆಚ್ಚಗಾಗಿಸಿ. ಕೆಳಸ್ವರವನ್ನು ಮೆಲ್ಲಗೆ ಹಿಡಿದು, ಏರಿಸಿ, ಇಳಿಸಿ. ಬೆರಳೆಲ್ಲ ತೆರೆದ ಸ್ವರದಿಂದ ಎಲ್ಲ ರಂಧ್ರ ಮುಚ್ಚುವ ಮೇಲಿನ ಸ್ವರಕ್ಕೆ ದಾಟಿ. ನಾಲಿಗೆಯಿಂದ ಸ್ವರಗಳನ್ನು ಬಿಡಿಬಿಡಿಯಾಗಿ ನುಡಿಸಿ. ಶ್ರುತಿಯನ್ನು ಟ್ಯೂನರಿನಲ್ಲಿ ನೋಡಿ.

ಕೊನೆಗೆ ಗೆಳೆಯನೊಬ್ಬನನ್ನು ಬೆನ್ನು ಮಾಡಿ ಕೂರಿಸಿ. ಯಾವುದು ದುಬಾರಿ ಎಂದು ಹೇಳದೆ ನುಡಿಸಿ, ಅವನ ಅಭಿಪ್ರಾಯ ಬರೆದಿಡಿ. ಮರುದಿನ ಮತ್ತೆ ಮಾಡಿ. ಹೊಸತರ ಹುರುಪು ಹತ್ತು ನಿಮಿಷದ್ದು. ತುಟಿಯ ದಣಿವು ಆಮೇಲೆ ತಿಳಿಯುತ್ತದೆ.

ಒಬ್ಬರು ಊದಿದ್ದನ್ನು ಇನ್ನೊಬ್ಬರು ಊದುವ ಮುನ್ನ ಉಗುರುಬೆಚ್ಚಗಿನ ಸಾಬೂನು ನೀರಿನಲ್ಲಿ ತೊಳೆಯಿರಿ. ಬಿಸಿನೀರು ಬೇಡ; ಎಬೊನೈಟ್ ಬಣ್ಣಗೆಡುತ್ತದೆ.

ನಿಮ್ಮ ಶಾಲೆಯ ವಾದ್ಯಪೆಟ್ಟಿಗೆಯಲ್ಲೂ ಒಂದು ಹಳೆಯ ಮೌತ್‌ಪೀಸ್ ಇರಬಹುದು. ಯಾರಿಗಾದರೂ "ಉಸಿರು ಸಾಲದು" ಎನ್ನುವ ಮುಂಚೆ ಅದನ್ನೊಮ್ಮೆ ಬೆಳಕಿಗೆ ಹಿಡಿದು ನೋಡಿ.