ತೊಗರಿ ಧಾರಣೆಯೂ ಸುಂಕದ ರಿಯಾಯಿತಿಯೂ

ಕಂಗ್ಟಿಯ ತೊಗರಿಯ ಧಾರಣೆಗೂ ದೂರದ ಆಫ್ರಿಕಕ್ಕೂ ಸಂಬಂಧವುಂಟು.

ಹಿಂದುಳಿದ ದೇಶಗಳ ಸರಕಿಗೆ ಸಿರಿವಂತ ದೇಶಗಳು ಸುಂಕ ಇಳಿಸತಕ್ಕದ್ದೆಂದು 1968ರಲ್ಲಿ ದೆಹಲಿಯಲ್ಲಿ ಕೂಡಿದ ವಿಶ್ವಸಂಸ್ಥೆಯ ವ್ಯಾಪಾರ ಸಮ್ಮೇಳನವು ಒಪ್ಪಿತು. ಅದನ್ನು ಬೇಡಿದವರಲ್ಲಿ ನಾವೂ ಇದ್ದೆವು. ಆದರೆ ರಿಯಾಯಿತಿಯು ಹಕ್ಕಲ್ಲ. 2019ರಲ್ಲಿ ಅಮೆರಿಕವು ಭಾರತಕ್ಕೆ ಕೊಟ್ಟದ್ದನ್ನು ಹಿಂತೆಗೆದುಕೊಂಡಿತು.

ಈಗ ನಾವು ಕೊಡುವವರೂ ಹೌದು. 2008ರಿಂದ ಭಾರತವು ಅತಿ ಹಿಂದುಳಿದ ದೇಶಗಳಿಗೆ ಇಂಥದೇ ರಿಯಾಯಿತಿ ನೀಡುತ್ತಿದೆ. ಆದ್ದರಿಂದ ಇತರರ ತೊಗರಿಗೆ ಸುಂಕ ಹಾಕಿದರೂ ಮೊಜಾಂಬಿಕ್, ಮಲಾವಿಗಳ ತೊಗರಿಗೆ ಸುಂಕವಿಲ್ಲ. ಆ ಮಾಲು ಹೆಚ್ಚು ಬಂದರೆ ನಮ್ಮ ಧಾರಣೆ ಕುಗ್ಗುವುದು. ಅಲ್ಲಿಯ ರೈತನೂ ನಮ್ಮಂತೆ ಬಡವ; ಅವನನ್ನು ದೂರುವುದು ಸಲ್ಲದು.

ನಾವು ಮಾಡಬೇಕಾದುದಿಷ್ಟು: ಕಾಳನ್ನು ಚೆನ್ನಾಗಿ ಒಣಗಿಸಿ, ಹಸನು ಮಾಡಿ, ಸರಕಾರದ ಬೆಂಬಲ ಬೆಲೆಯನ್ನು ವಿಚಾರಿಸಿಯೇ ಮಾರುವುದು, ಬಿತ್ತುವ ಮುನ್ನ ಆಮದಿನ ಸುದ್ದಿಯನ್ನೂ ಕೇಳುವುದು.